ಸಾಹೇಬರಿಗೊಂದು ರಸೀದಿ

ತೊಂದರೆ ಶುರುವಾದದ್ದು ಒಂದು ರಸೀದಿಯಿಂದ. ಬೇರೆ ಯಾರಾದರೂ ಆಗಿದ್ದರೆ ಆ ರಸೀದಿಯನ್ನು ಕೇಳುತ್ತಲೇ ಇರಲಿಲ್ಲ. ಆದರೆ ಕೇಳಿದವನು ನಮ್ಮ ರಸೀದಪ್ಪ.

ರಸೀದಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬೀಗದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್‌ಕೀಪರ್ ಆಗಿದ್ದವನಿಗೆ ಜೊತೆಯವರು ಕೊಟ್ಟ ಬಿರುದು. ಅವನ ಹತ್ತಿರ ಒಂದು ಸ್ಕ್ರೂ ಬೇಕೆಂದರೂ ಚೀಟಿ ಬರೆಯಬೇಕು, ಅದೇ ಸ್ಕ್ರೂ ವಾಪಸು ಕೊಡಲು ಹೋದರೂ ಚೀಟಿ ಬರೆಯಬೇಕು. ಒಂದು ಸಲ ಟೈಪಿಸ್ಟಕ್ಕ ಅವನ ಕೊಡೆ ಕೇಳಿದಾಗ, ಅವಳು ಫಾರಂ ತುಂಬಿ ಮುಗಿಸುವಷ್ಟರಲ್ಲಿ ಮಳೆಯೇ ನಿಂತುಹೋಗಿತ್ತಂತೆ. ಇದು ಕಟ್ಟುಕತೆ ಇದ್ದರೂ ಇರಬಹುದು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವನ ಸ್ಟೋರಿನಿಂದ ಒಂದು ಸ್ಪ್ರಿಂಗೂ ಕಾಣೆಯಾಗಿರಲಿಲ್ಲ ಅನ್ನುವುದು ಸತ್ಯ.

ಆ ವಾರ ಮ್ಯಾನೇಜರ್ ಸಾಹೇಬರು ತೀರಿಕೊಂಡರು. ಸಮಯಪಾಲನೆಯ ಬಗ್ಗೆ ಮೀಟಿಂಗ್ ನಡೆಸುತ್ತಿದ್ದವರು ಕುರ್ಚಿಯಲ್ಲಿ ಕೂತಂತೆಯೇ ಹೋದರು. ತಲೆಯೆತ್ತಿ ಅವರ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ವಿಷಯ ಗೊತ್ತಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಇಷ್ಟು ಹೊತ್ತು ಯಾರನ್ನೂ ಬೈಯದೆ ಕೂತಿದ್ದಾರಲ್ಲ ಎಂದು ಮೊದಲು ಅನುಮಾನ ಬಂದದ್ದು ರಸೀದಪ್ಪನಿಗೇ.

ಸಾಹೇಬರ ತಾಯಿ ಇದ್ದದ್ದು ದೂರದ ದೇಶದಲ್ಲಿ, ಮಗಳ ಮನೆಯಲ್ಲಿ. ದೇಹವನ್ನು ಅಲ್ಲಿಗೇ ಕಳಿಸಬೇಕು, ತಲುಪಿದ ಮರುದಿನ ಬೆಳಿಗ್ಗೆ ಅಂತ್ಯಕ್ರಿಯೆ ಎಂದು ತೀರ್ಮಾನವಾಯಿತು. ಎರಡು ವಿಮಾನ ಹತ್ತಬೇಕು, ನಡುವೆ ಇನ್ಯಾವುದೋ ಊರಿನಲ್ಲಿ ಒಂಬತ್ತು ಗಂಟೆ ಕಾಯಬೇಕು. ಪೆಟ್ಟಿಗೆಯ ಜೊತೆ ಯಾರು ಹೋಗುವುದು ಎಂಬ ಪ್ರಶ್ನೆ ಬಂದಾಗ ಇಡೀ ಆಫೀಸು ಒಂದೇ ಬಾಯಲ್ಲಿ, “ರಸೀದಪ್ಪ ಹೋಗ್ಲಿ. ಅವರ ಕೈಯಿಂದ ಇಲ್ಲೀತನಕ ಏನೂ ಕಳೆದಿಲ್ಲ” ಎಂದಿತು. ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದ್ದ ಅವನಿಗೆ ದಾರಿ ತೋರಿಸಲೆಂದು ಮಾರಾಟ ವಿಭಾಗದ ಗ್ಲೋಬಣ್ಣನನ್ನು ಜೋಡಿ ಮಾಡಿದರು. ಗ್ಲೋಬಣ್ಣ ಹತ್ತು ದೇಶ ಸುತ್ತಿದವನು, ಎಂಟು ಭಾಷೆ ಬಲ್ಲವನು. ಎರಡನ್ನೂ ಹೇಳಿದವನು ಗ್ಲೋಬಣ್ಣನೇ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. ಹನ್ನೊಂದು ವರ್ಷದ ಹಿಂದೆ ರಸೀದಪ್ಪನ ಅಪ್ಪ ಸತ್ತ ಸುದ್ದಿ ಬಂದದ್ದು ವರ್ಷದ ಸ್ಟಾಕ್ ಎಣಿಕೆ ನಡೆಯುತ್ತಿದ್ದಾಗ. ರಜೆ ಕೇಳಲು ಹೋದವನಿಗೆ ಸಾಹೇಬರು ಕಾಗದದಿಂದ ಕಣ್ಣೆತ್ತದೆ, “ಎಣಿಕೆ ಮುಗಿಸಿ ಹೋಗಿ. ಹೋದವರು ಇನ್ನೆಲ್ಲಿಗೆ ಹೋಗ್ತಾರೆ?” ಎಂದಿದ್ದರು. ರಸೀದಪ್ಪ ಎಣಿಸಿದ. ಮುಗಿಸಿ ಊರು ಸೇರುವಷ್ಟರಲ್ಲಿ ಒಂದು ದಿನ ತಡವಾಗಿತ್ತು. ಅಪ್ಪನ ಮುಖ ಸಿಗಲಿಲ್ಲ. ಅಕ್ಕ ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ. ಈ ಕತೆ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ರಸೀದಪ್ಪ ಒಂದು ದಿನ ಸಾಹೇಬರಿಗೆ ತಿರುಗಿ ಏನಾದರೂ ಅಂದೇ ಅನ್ನುತ್ತಾನೆ ಎಂದು ಎಲ್ಲರೂ ಕಾದು ಕಾದು ಸುಸ್ತಾಗಿದ್ದರು.

ಅವನೇನೂ ಅನ್ನಲಿಲ್ಲ. ಈಗಲೂ ಅವನಿಗಿದ್ದದ್ದು ಒಂದೇ ಹಟ: ತನಗಾದದ್ದು ಆ ತಾಯಿಗೆ ಆಗಬಾರದು. ಹೊರಡುವ ಮುಂಚೆ ಆ ಮುದುಕಿ ಫೋನಿನಲ್ಲಿ ಕೇಳಿದ್ದಳು.

“ಯಾರಪ್ಪ ನೀನು?”

“ಸ್ಟೋರ್‌ಕೀಪರ್ ಅಮ್ಮ.”

“ನೀನೇ ಕರ್ಕೊಂಡ್ ಬರ್ತೀಯಂತೆ. ಅವನ್ನ ಒಬ್ಬನ್ನೇ ಬಿಡಬೇಡ ಕಣಪ್ಪ. ಚಿಕ್ಕಂದಿನಿಂದ ಅವನಿಗೆ ಒಬ್ಬನೇ ಮಲಗೋಕೆ ಭಯ.”

ಸಾಹೇಬರಿಗೂ ಭಯ ಅನ್ನುವುದಿತ್ತು ಎಂದು ರಸೀದಪ್ಪ ಕೇಳಿದ್ದು ಅದೇ ಮೊದಲು. “ಬಿಡಲ್ಲ ಅಮ್ಮ” ಎಂದ. ಇಬ್ಬರೂ ತೋಳಿಗೆ ಆಫೀಸು ಕೊಟ್ಟ ಕಪ್ಪು ಪಟ್ಟಿ ಕಟ್ಟಿಕೊಂಡು ವಿಮಾನ ಹತ್ತಿದರು.

ನಡುವಿನ ಊರಿನಲ್ಲಿ ಇಳಿದಾಗ ಬೆಳಿಗ್ಗೆ ಏಳು ಗಂಟೆ. ಮುಂದಿನ ವಿಮಾನ ಸಂಜೆ ನಾಲ್ಕಕ್ಕೆ. ರಸೀದಪ್ಪ ಗೇಟಿನ ಎದುರು ಮೊದಲ ಕುರ್ಚಿ ಹಿಡಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಂಬತ್ತು ಗಂಟೆ ಹಾಗೇ ಕೂರುವುದು ಅವನ ಲೆಕ್ಕಾಚಾರ. ಗ್ಲೋಬಣ್ಣ ಅವನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನ್ರೀ ಇದು? ಒಂಬತ್ತು ಗಂಟೆ ಅಂದ್ರೆ ಏನು ಕಮ್ಮೀನಾ? ಎಂಟು ಗಂಟೆಗಿಂತ ಜಾಸ್ತಿ ಇರೋರಿಗೆ ಪಾಸ್‌ಪೋರ್ಟ್ ಮೇಲೆ ಒಂದು ಮುದ್ರೆ ಒತ್ತಿ ಊರೊಳಗೆ ಬಿಡ್ತಾರೆ. ಬುರುಜು ಇದೆ, ಮ್ಯೂಸಿಯಂ ಇದೆ, ನದೀಲಿ ದೋಣಿ ಇದೆ. ಬನ್ರೀ, ಏಳ್ರೀ!”

“ಸಾಹೇಬ್ರನ್ನ ಬಿಟ್ಟು ಹೇಗೆ ಬರೋದು?”

“ನೀವೇನು ಅವರ ಪಕ್ಕದಲ್ಲಿ ಕೂತಿದ್ದೀರಾ? ಅವರು ಗೋದಾಮಲ್ಲಿದ್ದಾರೆ, ನೀವಿಲ್ಲಿದ್ದೀರ. ನೀವು ಇಲ್ಲಿ ಕೂತ್ರೂ ಒಂದೇ, ಬುರುಜಿನ ಮೇಲೆ ನಿಂತ್ರೂ ಒಂದೇ. ಪೆಟ್ಟಿಗೇನ ಅವರೇ ಒಂದು ವಿಮಾನದಿಂದ ಇನ್ನೊಂದಕ್ಕೆ ಹಾಕ್ತಾರೆ. ಸಾಹೇಬ್ರು ಇನ್ನೆಲ್ಲಿಗೆ ಹೋಗ್ತಾರೆ ಹೇಳಿ?”

ಈ ಮಾತನ್ನು ರಸೀದಪ್ಪ ಹನ್ನೊಂದು ವರ್ಷದ ಹಿಂದೆಯೂ ಕೇಳಿದ್ದ. ಆದರೆ ಗ್ಲೋಬಣ್ಣನ ವಾದದಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಅರ್ಧ ಗಂಟೆ ತಲೆ ತಿನ್ನಿಸಿಕೊಂಡ ಮೇಲೆ ಅವನು ಎದ್ದು ನಿಂತ.

“ಬರ್ತೀನಿ. ಆದ್ರೆ ರಸೀದಿ ಬೇಕು.”

“ಯಾವುದರ ರಸೀದಿ?”

“ಸಾಹೇಬ್ರದ್ದು. ಪೆಟ್ಟಿಗೆ ಇವರ ಹತ್ರ ಇದೆ ಅಂತ ಬರವಣಿಗೇಲಿ ಬೇಕು. ಸಾಮಾನು ಒಪ್ಪಿಸಿ ಬರಿಗೈಲಿ ಹೊರಗೆ ಹೋದವನಲ್ಲ ನಾನು.”

ಗೋದಾಮಿನ ಗುಮಾಸ್ತ ಕಬ್ಬಿಣದ ಜಾಲರಿಯ ಹಿಂದೆ ಕೂತಿದ್ದ. ಗ್ಲೋಬಣ್ಣ ತನ್ನ ಎಂಟು ಭಾಷೆಗಳಲ್ಲಿ ಒಂದನ್ನು ಹೊರತೆಗೆದು ವಿಷಯ ಹೇಳಿದ. ಗುಮಾಸ್ತ ತಲೆಯಾಡಿಸಿ ಇಲ್ಲವೆಂದ. ರಸೀದಪ್ಪ ಜಾಲರಿಗೆ ಮುಖ ಒತ್ತಿ, “ಇಲ್ಲ ಅಂದ್ರೆ ಹೇಗೆ? ಬೇಕೇ ಬೇಕು” ಎಂದ. ಗುಮಾಸ್ತ ಏನೋ ಉದ್ದವಾಗಿ ವಿವರಿಸಿದ, ಕೈಯಲ್ಲಿ ಆಚೆ ಈಚೆ ತೋರಿಸಿದ.

“ಏನಂತೆ?”

“ದಾರಿ ಮೇಲೆ ಹೋಗೋ ಸರಕಿಗೆ ಕಾಗದ ಕೊಡಲ್ವಂತೆ. ಬೇರೆಯವರಿಗೆ ಕೊಡೋ ಕಾಗದ ಒಂದಿದೆಯಂತೆ.”

“ಬೇರೆಯವರಿಗೆ ಕೊಡ್ತಾರೆ, ನನಗ್ಯಾಕಿಲ್ಲ? ಅದನ್ನೇ ಕೊಡಕ್ಕೆ ಹೇಳಿ!”

ಮುಕ್ಕಾಲು ಗಂಟೆ ಕಳೆಯಿತು. ಹಿಂದೆ ಸಾಲು ಬೆಳೆಯಿತು. ರಸೀದಪ್ಪ ಅಲ್ಲಾಡಲಿಲ್ಲ. ಕೊನೆಗೆ ಗುಮಾಸ್ತನಿಗೂ ತಲೆ ಚಿಟ್ಟು ಹಿಡಿದಿರಬೇಕು. ಅವರ ತೋಳಿನ ಕಪ್ಪು ಪಟ್ಟಿ ನೋಡಿದ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ, ಏನೋ ಮೂರು ಸಲ ಕೇಳಿದ. ಗ್ಲೋಬಣ್ಣ ಮೂರು ಸಲವೂ ಗಂಭೀರವಾಗಿ ಹೌದೆಂದ. ಗುಮಾಸ್ತ ಒಂದು ಪುಸ್ತಕ ತೆಗೆದ.

ಆಹಾ, ಎಂಥ ಪುಸ್ತಕ! ಬಿಳಿ, ಹಳದಿ, ಗುಲಾಬಿ, ಮೂರು ಪ್ರತಿ. ನಡುವೆ ಹೊಚ್ಚಹೊಸ ಕಾರ್ಬನ್. ಮೇಲೆ ಅಚ್ಚಾದ ಕ್ರಮಸಂಖ್ಯೆ, ಕೆಳಗೆ ಸಹಿಗೆ ಎರಡು ಜಾಗ, ಅದರ ಮೇಲೆ ದುಂಡನೆಯ ನೀಲಿ ಮೊಹರು. ತನ್ನ ಸ್ಟೋರಿಗೆ ಇಂಥದ್ದೊಂದು ಬೇಕೆಂದು ರಸೀದಪ್ಪ ಆರು ವರ್ಷ ಅರ್ಜಿ ಹಾಕಿದ್ದ, ಸಾಹೇಬರು ಆರು ವರ್ಷವೂ ತಳ್ಳಿಹಾಕಿದ್ದರು. ಈಗ ಅವರ ಹೆಸರಿನಲ್ಲೇ ಅಂಥದ್ದೊಂದು ಕಾಗದವನ್ನು ಗುಮಾಸ್ತ ಹರಿದುಕೊಡುತ್ತಿದ್ದ. ಅಕ್ಷರಗಳು ಮಾತ್ರ ಇರುವೆ ಸಾಲಿನ ಹಾಗೆ ಕಂಡವು.

“ಏನು ಬರೆದಿದೆ ಸ್ವಲ್ಪ ಓದಿ.”

ಗ್ಲೋಬಣ್ಣ ಕನ್ನಡಕ ಏರಿಸಿ ನೋಡಿದ. “ಪೆಟ್ಟಿಗೆ ಸುಸ್ಥಿತಿಯಲ್ಲಿದೆ ಅಂತ ಬರೆದಿದೆ. ಇನ್ನೇನು ಬರೀತಾರೆ? ಹಾಕ್ರೀ ಸಹಿ.”

ರಸೀದಪ್ಪ ಸಹಿ ಹಾಕಿದ. ಗುಲಾಬಿ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಸೇರಿಸಿದ. ಅಷ್ಟರಲ್ಲಿ ಜಾಲರಿಯ ಆಚೆ ಇಬ್ಬರು ಆಳುಗಳು ಸಾಹೇಬರ ಪೆಟ್ಟಿಗೆಯನ್ನು ರಾಶಿಯಿಂದ ಎಳೆದು, ಹೊರಗೆ ಬಾಗಿಲ ಪಕ್ಕದ ಗೋಡೆಯ ಹತ್ತಿರ ತಂದಿಟ್ಟರು.

“ಅದ್ಯಾಕೆ ಬೇರೆ ಇಡ್ತಿದ್ದಾರೆ?”

“ನಿಮ್ಮ ಗಲಾಟೆ ನೋಡಿ ದೊಡ್ಡ ಮನುಷ್ಯರದ್ದು ಅಂತ ಗೊತ್ತಾಗಿರಬೇಕು. ನೆರಳಿಗೆ ಹಾಕ್ತಿದ್ದಾರೆ” ಎಂದ ಗ್ಲೋಬಣ್ಣ. ರಸೀದಪ್ಪನಿಗೆ ಹೊಟ್ಟೆಗೆ ಹಾಲು ಸುರಿದಂತಾಯಿತು.

ಬುರುಜಿನ ಲಿಫ್ಟು ಕೆಟ್ಟಿತ್ತು. ನಾನೂರ ಹನ್ನೆರಡು ಮೆಟ್ಟಿಲು ಎಂದು ರಸೀದಪ್ಪನಿಗೆ ಗೊತ್ತಾದದ್ದು ಎಣಿಸಿದ್ದರಿಂದ. ಮೇಲೆ ಹೋದಾಗ ಅವನ ಮೊಣಕಾಲು ಅವನ ಮಾತು ಕೇಳುತ್ತಿರಲಿಲ್ಲ. ಗ್ಲೋಬಣ್ಣ ಫೋನು ಹಿಡಿದು, “ನಗ್ರೀ, ನಗ್ರೀ, ಆಫೀಸ್ ಗ್ರೂಪಿಗೆ ಹಾಕ್ಬೇಕು” ಎಂದ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಗುವುದು ಹೇಗೆಂದು ರಸೀದಪ್ಪ ಹಲ್ಲು ಕಚ್ಚಿದ. ಫೋಟೋದಲ್ಲಿ ಅದು ಕಿವಿಯಿಂದ ಕಿವಿಗೆ ನಕ್ಕಂತೆ ಬಂತು. ಎಲ್ಲರೂ ನದಿ ನೋಡುತ್ತಿದ್ದರೆ ಅವನು ಮಾತ್ರ ವಿಮಾನ ನಿಲ್ದಾಣದ ಕಡೆ ತಿರುಗಿ, ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿದ್ದ ಗೋದಾಮನ್ನು ನೋಡುತ್ತ ನಿಂತಿದ್ದ.

ಮ್ಯೂಸಿಯಮ್ಮಿನಲ್ಲಿ ಬೇರೆ ಗ್ರಹಚಾರ ಕಾದಿತ್ತು. ಅಲ್ಲಿನ ಸಿಬ್ಬಂದಿಯೆಲ್ಲ ಗುರುತಿಗೆಂದು ತೋಳಿಗೆ ಕಪ್ಪು ಪಟ್ಟಿ ಕಟ್ಟುತ್ತಿದ್ದರು. ಒಳಗೆ ಕಾಲಿಡುತ್ತಲೇ, ಚೀಲ ಮತ್ತು ಕೋಟು ಇಟ್ಟುಕೊಳ್ಳುವ ಕೌಂಟರಿನ ಹೆಂಗಸು ಇವನನ್ನು ನೋಡಿ ದೇವರೇ ಬಂದಂತೆ ಹಿಗ್ಗಿ, ಬೀಗದಕೈ ಗೊಂಚಲನ್ನು ಇವನ ಕೈಗೆ ತುರುಕಿ, ಹೊಟ್ಟೆ ಹಿಡಿದುಕೊಂಡು ಓಡಿದಳು. ಗ್ಲೋಬಣ್ಣ ಆಗಲೇ ಹಳೆಯ ಗಾಡಿಗಳ ಕೋಣೆಯೊಳಗೆ ಮಾಯವಾಗಿದ್ದ.

ರಸೀದಪ್ಪ ಗೊಂಚಲು ಇಟ್ಟು ನಡೆಯಬಹುದಿತ್ತು. ಯಾರೇ ಆಗಿದ್ದರೂ ನಡೆಯುತ್ತಿದ್ದರು. ಆದರೆ ಒಳಗೆ ನೂರಾರು ಜನರ ಸಾಮಾನು. ಚಾರ್ಜು ಇನ್ನೊಬ್ಬರಿಗೆ ಒಪ್ಪಿಸದೆ ಹೋಗುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅಷ್ಟರಲ್ಲಿ ಶಾಲೆಯ ಮಕ್ಕಳ ಒಂದು ದಂಡು ಬಂದು ಎಂಬತ್ತು ಚೀಲ ಅವನ ಎದುರು ಸುರಿಯಿತು. ಅವನು ಅಂಗಿಯ ತೋಳು ಮಡಿಸಿದ. ಬಿಲ್ಲೆ ಕೊಟ್ಟ, ಸಾಲಾಗಿ ಜೋಡಿಸಿದ, ತನ್ನ ಜೇಬುಪುಸ್ತಕದಲ್ಲಿ ಪಟ್ಟಿ ಮಾಡಿದ. ಯಾರದೋ ಕೋಟಿನ ಗುಂಡಿ ಸಡಿಲವಾಗಿದ್ದದ್ದನ್ನೂ ಷರಾ ಬರೆದ. ಹೆಂಗಸು ತಿರುಗಿ ಬಂದದ್ದು ಒಂದೂವರೆ ಗಂಟೆಯ ನಂತರ. ಪಟ್ಟಿ ಒಪ್ಪಿಸಿ, ಅವಳ ಸಹಿ ಹಾಕಿಸಿಕೊಂಡು ರಸೀದಪ್ಪ ಹೊರಗೆ ಬಂದಾಗ ಗ್ಲೋಬಣ್ಣ ಮೆಟ್ಟಿಲ ಮೇಲೆ ಕೂತಿದ್ದ.

“ಎಲ್ರೀ ಹೋಗಿದ್ರಿ? ಮ್ಯೂಸಿಯಂ ಹೇಗಿತ್ತು?”

“ಸ್ಟೋರ್ ಚೆನ್ನಾಗಿದೆ” ಎಂದ ರಸೀದಪ್ಪ. “ಹೊರಡೋಣ. ಒಂದೂವರೆ ಆಯ್ತು.”

“ದೋಣಿ?”

“ದೋಣಿ ಬೇಡ!” ಎಂದು ಅವನು ಅರಚಿದ ರಭಸಕ್ಕೆ ಪಾರಿವಾಳಗಳು ಹಾರಿದವು. ಇಬ್ಬರೂ ಟ್ಯಾಕ್ಸಿ ಹತ್ತಿದರು.

ಟ್ಯಾಕ್ಸಿ ನಾಲ್ಕು ಬೀದಿ ದಾಟಿ ನಿಂತಿತು. ಮುಂದೆ ರಸ್ತೆಯ ಎರಡೂ ಕಡೆ ಹಗ್ಗ ಕಟ್ಟಿದ್ದರು. ಊರಿನ ಯಾರೋ ಬಹಳ ದೊಡ್ಡವರು ಸತ್ತಿದ್ದರು, ಶವಯಾತ್ರೆ ಹೋಗುತ್ತಿತ್ತು. ಇಳಿದು ನಡೆಯಿರಿ ಎಂದು ಡ್ರೈವರ್ ಕೈಸನ್ನೆ ಮಾಡಿದ. ಹಗ್ಗದ ಹತ್ತಿರ ಹೋದ ಕೂಡಲೇ ಒಬ್ಬ ಪೊಲೀಸು ಇವರ ತೋಳಿನ ಪಟ್ಟಿ ನೋಡಿ ಸೆಲ್ಯೂಟು ಹೊಡೆದು, ಹಗ್ಗ ಎತ್ತಿ, ಇಬ್ಬರನ್ನೂ ಒಳಗೆ ತಳ್ಳಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವರು ಪೆಟ್ಟಿಗೆಯ ಹಿಂದಿನ ಎರಡನೇ ಸಾಲಿನಲ್ಲಿದ್ದರು. ಪಕ್ಕದಲ್ಲಿದ್ದ ಒಬ್ಬ ಮುದುಕ ರಸೀದಪ್ಪನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಬ್ಯಾಂಡಿನವರು ಒಂದು ಹೆಜ್ಜೆಗೆ ಒಂದು ಸ್ವರದಂತೆ ಬಾರಿಸುತ್ತಿದ್ದರು, ಜನ ಆ ಸ್ವರಕ್ಕೊಂದು ಹೆಜ್ಜೆಯಂತೆ ನಡೆಯುತ್ತಿದ್ದರು. ಆಮೆಯಾದರೂ ಇವರನ್ನು ದಾಟಿ ಹೋಗುತ್ತಿತ್ತು.

“ವಿಮಾನ ನಿಲ್ದಾಣದ ದಿಕ್ಕಿಗೇ ಹೋಗ್ತಿದೆ, ಹೆದರಬೇಡಿ” ಎಂದು ಗ್ಲೋಬಣ್ಣ ಪಿಸುಗುಟ್ಟಿದ. “ಟಿಕೆಟ್ ತಗೊಂಡ್ರೂ ಇಂಥದ್ದು ನೋಡಕ್ಕೆ ಸಿಗಲ್ಲ ರೀ.”

ರಸೀದಪ್ಪ ಮುಂದಿನ ಪೆಟ್ಟಿಗೆ ನೋಡುತ್ತ ನಡೆದ. ಯಾರೋ ಏನೋ. ಆದರೆ ಅಪ್ಪನ ಹಿಂದೆ ಹೀಗೆ ನಾಲ್ಕು ಹೆಜ್ಜೆ ನಡೆಯುವುದು ಅವನ ಪಾಲಿಗೆ ಬಂದಿರಲಿಲ್ಲ. ಆ ಹೊತ್ತಿಗೆ ತಾನು ಕಾರ್ಖಾನೆಯಲ್ಲಿ ಮೂರಂಗುಲದ ಕೊಂಡಿಗಳನ್ನು ಎಣಿಸುತ್ತಿದ್ದೆ ಎಂಬುದು ನೆನಪಾಯಿತು. ಎಷ್ಟು ಕೊಂಡಿ ಎಂಬುದೂ ನೆನಪಿತ್ತು: ನಾಲ್ಕು ಸಾವಿರದ ಅರವತ್ತು. ಹನ್ನೊಂದು ವರ್ಷ ಬಾರದ ಅಳು ಆ ಪರವೂರಿನ ನಡುಬೀದಿಯಲ್ಲಿ ಬಂತು. ಅವನು ಬಿಕ್ಕಿ ಬಿಕ್ಕಿ ಅತ್ತ. ಮುದುಕ ಅವನ ಬೆನ್ನು ಸವರಿದ.

ಸರಿಯಾಗಿ ಆಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸಾಹೇಬರ ತಾಯಿ.

“ಎಲ್ಲಿದ್ದೀಯಪ್ಪ? ಅಳ್ತಿದ್ದೀಯಾ? ಅದೇನು ಬ್ಯಾಂಡ್ ಸದ್ದು?”

“ಮೆರವಣಿಗೆ ಅಮ್ಮ... ಪೆಟ್ಟಿಗೆ ಹಿಂದೆ ಇದ್ದೀನಿ...”

ಮುದುಕಿಗೆ ನಂಬಲಾಗಲಿಲ್ಲ. “ನನ್ನ ಮಗನಿಗೆ ದಾರಿ ಊರಲ್ಲೂ ಇಷ್ಟೊಂದು ಮರ್ಯಾದೆಯಾ? ಅವನು ಒರಟ, ಅವನನ್ನ ಕಂಡ್ರೆ ಯಾರಿಗೂ ಆಗಲ್ಲ ಅಂದ್ಕೊಂಡಿದ್ದೆ ಕಣಪ್ಪ.”

ಅಲ್ಲಮ್ಮ, ಇದು ಬೇರೆಯವರದ್ದು ಎನ್ನಬೇಕೆಂದು ರಸೀದಪ್ಪ ಬಾಯಿ ತೆರೆದ.

“ಹೂಂ ಅಮ್ಮ” ಎಂದ. “ತುಂಬಾ ಜನ ಬಂದಿದ್ದಾರೆ.”

ಮೆರವಣಿಗೆಯಿಂದ ಅವರು ಹೊರಬಿದ್ದಾಗ ಮೂರು ಗಂಟೆ ಐದು ನಿಮಿಷ. ಮುಂದಿನದ್ದು ಪೂರಾ ಓಟ. ಗೇಟಿನ ಹುಡುಗಿ ಬಾಗಿಲೆಳೆಯುವ ಹೊತ್ತಿಗೆ ರಸೀದಪ್ಪ ಒಂದು ಕಾಲನ್ನು ಸಂದಿಯಲ್ಲಿ ಇಟ್ಟೇಬಿಟ್ಟ. ಸೀಟಿನಲ್ಲಿ ಬಿದ್ದುಕೊಂಡಾಗ ಬೆವರು ಧಾರಾಕಾರ ಇಳಿಯುತ್ತಿತ್ತು, ಒಂದು ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು. ಆದರೂ ಮನಸ್ಸು ಹಗುರವಾಗಿತ್ತು. ಬಂದಾಯಿತು. ಸಾಹೇಬರು ಕೆಳಗೆ, ತಾನು ಮೇಲೆ. ಸಂಜೆಯೊಳಗೆ ತಾಯಿಗೆ ಮಗನನ್ನು ಒಪ್ಪಿಸಿದರೆ ಮುಗಿಯಿತು.

“ನೋಡಿದ್ರಾ?” ಎಂದ ಗ್ಲೋಬಣ್ಣ. “ಒಂಬತ್ತು ಗಂಟೇಲಿ ಮೂರು ಜಾಗ. ಒಂದು ನಿಮಿಷ ವೇಸ್ಟ್ ಆಗಿಲ್ಲ. ಸಾಹೇಬ್ರಿದ್ದಿದ್ರೆ ಮೆಚ್ಕೋತಿದ್ರು.”

ರಸೀದಪ್ಪನ ಇನ್ನೊಂದು ಪಕ್ಕದಲ್ಲಿ ಆ ಊರಿನದೇ ಒಬ್ಬ ಹೆಂಗಸು ಕೂತಿದ್ದಳು. ನಿವೃತ್ತ ಶಾಲಾ ಮೇಡಮ್ಮು, ಇವರ ದೇಶದಲ್ಲಿ ಸುಮಾರು ವರ್ಷ ಪಾಠ ಮಾಡಿದವಳು, ಭಾಷೆ ಚೆನ್ನಾಗಿ ಬರುತ್ತಿತ್ತು. ಕಪ್ಪು ಪಟ್ಟಿ ನೋಡಿ ಯಾರು ತೀರಿಕೊಂಡದ್ದೆಂದು ಕೇಳಿದಳು. ರಸೀದಪ್ಪ ಹೇಳಿದ. ಹೇಳುತ್ತ ಹೇಳುತ್ತ ಎದೆಯ ಜೇಬಿನಿಂದ ಗುಲಾಬಿ ಕಾಗದ ತೆಗೆದು, ಮಡಿಕೆ ಬಿಡಿಸಿ, ಹೆಮ್ಮೆಯಿಂದ ಅವಳ ಮುಂದೆ ಹಿಡಿದ.

“ನಿಮ್ಮೂರಿನ ಕಾಗದ ಪತ್ರ ಬಹಳ ಅಚ್ಚುಕಟ್ಟು ಮೇಡಂ. ಇದರಲ್ಲಿ ಪೂರ್ತಿ ಏನು ಬರೆದಿದೆ, ಸ್ವಲ್ಪ ಓದಿ ಹೇಳ್ತೀರಾ?”

ಮೇಡಮ್ಮು ಓದಿದಳು. ಮತ್ತೊಮ್ಮೆ ಓದಿದಳು. “ಹಾಗಾದ್ರೆ ನಿಮ್ಮ ಸಾಹೇಬ್ರನ್ನ ಇಲ್ಲೇ ಮಣ್ಣು ಮಾಡ್ತೀರಾ?”

“ಏನಂದ್ರಿ?”

“ಇದು ಬಿಡುಗಡೆ ಪತ್ರ. ‘ಮೃತರ ಕಡೆಯವರು ಪೆಟ್ಟಿಗೆಯನ್ನು ಈ ನಿಲ್ದಾಣದಲ್ಲೇ ಸುಸ್ಥಿತಿಯಲ್ಲಿ ವಶಕ್ಕೆ ಪಡೆದಿದ್ದಾರೆ. ಮುಂದಿನ ಸಾಗಣೆ ಅವರ ಕೋರಿಕೆಯಂತೆ ರದ್ದು.’ ಕೆಳಗೆ ನಿಮ್ಮದೇ ಸಹಿ ಇದೆಯಲ್ಲ?”

ರಸೀದಪ್ಪ ತನ್ನ ಸಹಿ ನೋಡಿದ. ಕಿಟಕಿಯ ಕಡೆ ತಿರುಗಿದ. ವಿಮಾನ ಮೆಲ್ಲಗೆ ಚಲಿಸತೊಡಗಿತ್ತು. ಗೋದಾಮಿನ ಬಾಗಿಲ ಪಕ್ಕದ ಗೋಡೆಯ ಹತ್ತಿರ, ನೆರಳಿನಲ್ಲಿ, ಉದ್ದನೆಯ ಪೆಟ್ಟಿಗೆ ಇತ್ತು. ಅದರ ಮೂಲೆಯಲ್ಲಿ, ಊರಿನಿಂದ ಹೊರಡುವಾಗ ತಾನೇ ಸೀಮೆಸುಣ್ಣದಲ್ಲಿ ಹಾಕಿದ್ದ ಸರಿ ಗುರುತು ಕೂಡ ಕಾಣಿಸಿತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

“ನಿಲ್ಲಿಸಿ!” ಎಂದು ಎದ್ದ. ಗಗನಸಖಿ ಬಂದು ಭುಜ ಒತ್ತಿ ಕೂರಿಸಿ, ಬೆಲ್ಟು ಬಿಗಿದು, ಕುಡಿಯಲು ನೀರು ಕೊಟ್ಟು ಹೋದಳು. ದುಃಖದಲ್ಲಿರುವವರು ಹೀಗೆಲ್ಲ ಆಡುತ್ತಾರೆ ಎಂದು ಅವಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿರಬೇಕು. ವಿಮಾನ ಮೇಲಕ್ಕೆದ್ದಿತು.

ರಸೀದಪ್ಪ ಗ್ಲೋಬಣ್ಣನ ಕತ್ತಿನ ಪಟ್ಟಿ ಹಿಡಿಯಲು ತಿರುಗಿದ. ಆದರೆ ಗ್ಲೋಬಣ್ಣ ಅವನನ್ನು ನೋಡುತ್ತಿದ್ದ ರೀತಿಯೇ ಬೇರೆಯಾಗಿತ್ತು. ಅಷ್ಟು ಗೌರವದಿಂದ ಇಪ್ಪತ್ತೆರಡು ವರ್ಷದಲ್ಲಿ ಯಾರೂ ರಸೀದಪ್ಪನನ್ನು ನೋಡಿರಲಿಲ್ಲ.

“ಹನ್ನೊಂದು ವರ್ಷ!” ಎಂದು ಗ್ಲೋಬಣ್ಣ ಉಸಿರೆಳೆದುಕೊಂಡ. “ಹನ್ನೊಂದು ವರ್ಷ ಮನಸ್ಸಲ್ಲೇ ಇಟ್ಕೊಂಡಿದ್ರಾ? ನಿಮ್ಮಪ್ಪನ ಸಾವಿಗೆ ಸಾಹೇಬ್ರು ನಿಮ್ಮನ್ನ ಒಂದು ದಿನ ತಡ ಮಾಡ್ಸಿದ್ರು, ಅವರ ಸಾವಿಗೆ ಅವರನ್ನೇ ತಡ ಮಾಡ್ಸಿದ್ರಿ. ಆ ಗುಮಾಸ್ತನ ಹತ್ರ ಅದೇ ಕಾಗದ ಬೇಕು ಅಂತ ಪಟ್ಟು ಹಿಡಿದದ್ದು ಈಗ ಅರ್ಥ ಆಯ್ತು. ನೀವು ಸಾಮಾನ್ಯದವರಲ್ಲ ರೀ!”

“ಅಯ್ಯೋ, ನೀವೇ ಅಲ್ವೇನ್ರೀ ಓದಿ ಹೇಳಿದ್ದು?”

“ಆಯ್ತು, ನನ್ನ ಮೇಲೇ ಹಾಕಿ. ನಾನ್ಯಾರಿಗೂ ಹೇಳಲ್ಲ.”

ಅವನು ಹೇಳಿದ್ದು ವಿಮಾನ ಇಳಿದ ಎರಡು ನಿಮಿಷದೊಳಗೆ. ರಸೀದಪ್ಪ ರಸೀದಿಯ ಮೇಲಿದ್ದ ನಂಬರು ನೋಡಿ ಆ ಊರಿನ ಗೋದಾಮಿಗೆ ಫೋನು ಹಚ್ಚುತ್ತಿದ್ದ. ಯಾರೂ ಎತ್ತಲಿಲ್ಲ. ಅದರ ಬದಲು ಆಫೀಸಿನ ಗ್ರೂಪಿನಿಂದ ಸಾಲು ಸಾಲಾಗಿ ಸಂದೇಶ ಬಂದವು. ಬುರುಜಿನ ಮೇಲೆ ಅವನು ಕಿವಿಯಿಂದ ಕಿವಿಗೆ ನಗುತ್ತಿದ್ದ ಫೋಟೋದ ಕೆಳಗೆ ಚಪ್ಪಾಳೆ ತಟ್ಟುವ ಕೈಗಳು. ‘ಎಣಿಕೆ ಸರಿಹೋಯಿತು’ ಎಂದು ಅಕೌಂಟ್ಸಿನವರು. ‘ನಿಮ್ಮ ತಂದೆಯವರ ಆತ್ಮಕ್ಕೆ ಇವತ್ತು ಶಾಂತಿ ಸಿಕ್ಕಿರುತ್ತೆ’ ಎಂದು ಟೈಪಿಸ್ಟಕ್ಕ.

ಹೊರಬಾಗಿಲಲ್ಲಿ ಸಂಜೆಯ ಬಿಸಿಲು. ಹಿಂಬಾಗಿಲು ತೆರೆದು ನಿಂತಿದ್ದ ಒಂದು ವ್ಯಾನು, ಪಕ್ಕದಲ್ಲಿ ಸಾಹೇಬರ ತಂಗಿ, ಅವಳ ತೋಳು ಹಿಡಿದು ನಿಂತ ಗುಬ್ಬಿಯಂಥ ಮುದುಕಿ. ಕಪ್ಪು ಪಟ್ಟಿ ಕಂಡ ಕೂಡಲೇ ಮುದುಕಿ ಮುಂದೆ ಬಂದು ರಸೀದಪ್ಪನ ಎರಡೂ ಕೈ ಹಿಡಿದುಕೊಂಡಳು. ಗ್ಲೋಬಣ್ಣ ಹತ್ತು ಮಾರು ಹಿಂದೆಯೇ ನಿಂತುಬಿಟ್ಟ.

“ನೀನೇ ಅಲ್ವೇನಪ್ಪ ಸ್ಟೋರ್‌ಕೀಪರು? ನಿನ್ನ ಅಳು ಕೇಳಿದ ಮೇಲೆ ಸ್ವಲ್ಪ ಅನ್ನ ಸೇರ್ತು ನೋಡು ನನಗೆ. ಅವನನ್ನ ಒಬ್ಬನ್ನೇ ಬಿಡಲಿಲ್ಲ ತಾನೇ?”

ಮುದುಕಿ ಅವನ ಹೆಗಲಾಚೆ, ಖಾಲಿ ಬಾಗಿಲಿನ ಕಡೆ ನೋಡಿದಳು.

“ಎಲ್ಲಪ್ಪ ನನ್ನ ಮಗ?”

ಅವನು ಎದೆಯ ಜೇಬಿಗೆ ಕೈಹಾಕಿ ಗುಲಾಬಿ ರಸೀದಿಯನ್ನು ತೆಗೆದು ಅವಳ ಕೈಗೆ ಕೊಟ್ಟ.